ಮುನಿಯಮ್ಮನವರ ಕಾರ್ಡು

ಮೊನ್ನೆ ಹಳೆಯ ಲ್ಯಾಪ್‌ಟಾಪ್ ಖಾಲಿ ಮಾಡುವಾಗ ನಮ್ಮ ಗಿಡದಂಗಡಿಯ ಫೋಲ್ಡರ್ ಸಿಕ್ಕಿತು. ನರ್ಸರಿಯ ಗಿಡಗಳನ್ನು ಆನ್‌ಲೈನಿನಲ್ಲಿ ಮಾರಲು ನಾನೂ ಗೆಳೆಯ ಇಮ್ರಾನನೂ ಕಾಡುಗೋಡಿಯಲ್ಲಿ ಕೂತು ಕಟ್ಟಿದ ವೆಬ್‌ಸೈಟು ಅದು. ಬರೆದದ್ದು ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಅದರಲ್ಲಿ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳಿಗೆ ‘ಜೆಮ್’, ಅಂದರೆ ರತ್ನ, ಎನ್ನುತ್ತಾರೆ. ಹೆಸರು ಕೇಳಿದರೆ ಒಡವೆ ಅಂಗಡಿ. ನಮ್ಮದು ಮನೆ ಒಡತಿ ಮುನಿಯಮ್ಮನವರ ತಾರಸಿಯ ಮೇಲಿನ ಶೀಟಿನ ಬಾಡಿಗೆ ಕೋಣೆ.

ಹಣ ಪಾವತಿಯ ಜೆಮ್ ಹಾಕಲು ಒಂದೇ ಸಾಲು ಸಾಕು ಎಂದು ಓದಿದ್ದೆ. ಆ ಸಾಲಿಗೇ ವಾರ ಹೋಯಿತು. ಪರೀಕ್ಷೆಗೆಂದು ಸುಳ್ಳು ಕಾರ್ಡ್ ನಂಬರುಗಳಿರುತ್ತವೆ: ಒಂದು ಯಾವಾಗಲೂ ಹಣ ಕೊಡುತ್ತದೆ, ಇನ್ನೊಂದು ಯಾವಾಗಲೂ ಇಲ್ಲವೆನ್ನುತ್ತದೆ. ನೆಂಟರಿದ್ದ ಹಾಗೆ ಅನ್ನಿ. ಎರಡೂ ಸರಿಹೋದವು. ಇನ್ನು ನಿಜವಾದ ಕಾರ್ಡು ಬೇಕು. ನನ್ನದರ ಅವಧಿ ಮುಗಿದಿತ್ತು, ಇಮ್ರಾನನದು ಆನ್‌ಲೈನಿನಲ್ಲಿ ನಡೆಯುತ್ತಿರಲಿಲ್ಲ.

ರಾಗಿ ಒಣಹಾಕಲು ಬಂದಿದ್ದ ಮುನಿಯಮ್ಮ ನಮ್ಮ ಮಾತು ಕೇಳಿಸಿಕೊಂಡು, ಕೆಳಗೆ ಹೋಗಿ ತಮ್ಮ ಕಾರ್ಡು ತಂದರು. ಬಾಡಿಗೆಯೆಲ್ಲ ಅವರ ಖಾತೆಗೇ ಬರುತ್ತಿತ್ತು. ಬ್ಯಾಂಕಿನ ವ್ಯವಹಾರ ಮಾತ್ರ ಮಗ ನಂಜುಂಡನದು. ಕಾರ್ಡನ್ನು ಅವರು ಒಮ್ಮೆಯೂ ಬಳಸಿರಲಿಲ್ಲ.

ಅವರು ಮಲ್ಲಿಗೆ ಗಿಡ ಆರಿಸಿದರು. ಒಂದೇ ಬೆರಳಲ್ಲಿ ಅಂಕಿಗಳನ್ನು ಒತ್ತಿದರು. ಬ್ಯಾಂಕು ಓಟಿಪಿ ಕೇಳಿತು. ಅದು ಹೋದದ್ದು ನಂಜುಂಡನ ಮೊಬೈಲಿಗೆ. ಕ್ಷಣದಲ್ಲೇ ಅವನ ಫೋನು ಬಂತು. ಯಾರೋ ಕಾರ್ಡಿನಿಂದ ದುಡ್ಡು ಎಳೆಯುತ್ತಿದ್ದಾರೆ ಎಂಬ ಗಾಬರಿ ಅವನಿಗೆ.

“ಯಾರೂ ಅಲ್ಲ ಕಣಪ್ಪ, ನಾನೇ. ಮಲ್ಲಿಗೆ ಗಿಡ ತಗೋತಿವ್ನಿ. ನಿಂಗೆ ಬಂದಿರೋ ಆ ನಂಬರ್ ಹೇಳು.”

“ನಿಂಗ್ಯಾಕಮ್ಮ ಅದೆಲ್ಲಾ? ಗಿಡ ನಾನೇ ತಂದ್ಕೊಡ್ತೀನಿ, ಬಿಡು.”

ಅಷ್ಟರಲ್ಲಿ ಸಮಯ ಮೀರಿ ಪಾವತಿ ವಿಫಲವಾಯಿತು. ಅವನು ಕೆಟ್ಟವನಲ್ಲ; ಗಿಡವನ್ನು ಖಂಡಿತ ತಂದುಕೊಡುತ್ತಿದ್ದ. ಮುನಿಯಮ್ಮ ಫೋನಿಟ್ಟು ನನ್ನ ಕಡೆ ತಿರುಗಿ, “ನಾಳೆ ನನ್ಜೊತೆ ಬ್ಯಾಂಕ್ಗೆ ಬತ್ತೀಯೇನಮ್ಮ?” ಎಂದರು.

ಬ್ಯಾಂಕಿನಲ್ಲಿ ಮಗನ ನಂಬರು ತೆಗೆಸಿ ತಮ್ಮದನ್ನು ಬರೆಸಿದರು. ಮಗನನ್ನು ಕೇಳಿ ಬನ್ನಿ ಎಂದ ಗುಮಾಸ್ತನಿಗೆ, “ಖಾತೆ ನಂದಲ್ವಾ ಸಾರ್?” ಎಂದಷ್ಟೇ ಕೇಳಿದರು. ನಂಜುಂಡ ಕೆಲವು ದಿನ ಮುನಿಸಿಕೊಂಡಿದ್ದ, ಆಮೇಲೆ ಸರಿಹೋದ. ಮುಂದಿನ ವಾರ ಮುನಿಯಮ್ಮ ಮತ್ತೆ ಮಲ್ಲಿಗೆ ಗಿಡ ಆರಿಸಿದಾಗ ಓಟಿಪಿ ಅವರ ಫೋನಿಗೇ ಬಂತು. ಅವರೇ ಒತ್ತಿದರು. ನಮ್ಮ ಅಂಗಡಿಯ ಮೊದಲ ಗಿಡ ಮಾರಾಟವಾಯಿತು.

ಅಂಗಡಿ ಬಹಳ ಕಾಲ ನಡೆಯಲಿಲ್ಲ. ನಿನ್ನೆ ನನ್ನ ಅಮ್ಮ ಕರೆಂಟ್ ಬಿಲ್ ಕಟ್ಟಲು ಫೋನ್ ಹಿಡಿದು ಕೂತಿದ್ದಳು. ಎರಡು ಸಲ ತಪ್ಪಾಯಿತು. “ಕೊಡಿಲ್ಲಿ, ನಾನೇ ಮಾಡ್ತೀನಿ” ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಪಕ್ಕದಲ್ಲಿ ಕೈಕಟ್ಟಿ ಕೂತೆ. ಮೂರನೆಯ ಸಲ ಹಣ ಸರಿಯಾಗಿ ಹೋಯಿತು.