ಕಿಸೆಯಲ್ಲಿದ್ದ ಜೀವ

ಮನೆ ಸಾಮಾನು ಸಾಗಿಸುವವರ ನಡುವೆ ಅವನನ್ನು ಎಲ್ಲರೂ ಬೀರಣ್ಣ ಎಂದೇ ಕರೆಯುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಹರೆಯದಲ್ಲಿ ಒಮ್ಮೆ, ಲಿಫ್ಟ್ ಕೆಟ್ಟು ನಿಂತ ಕಟ್ಟಡದಲ್ಲಿ, ಉಕ್ಕಿನ ಬೀರುವೊಂದನ್ನು ಒಬ್ಬನೇ ಬೆನ್ನಿಗೆ ಏರಿಸಿಕೊಂಡು ತುತ್ತತುದಿಯ ಮಹಡಿಗೆ ಮುಟ್ಟಿಸಿದ್ದ. ಅಂದಿನಿಂದ ಬೀರು ಹೊತ್ತವನು ಬೀರಣ್ಣನಾದ. ನಿಜವಾದ ಹೆಸರು ಹೆಂಡತಿಗೆ ಗೊತ್ತಿತ್ತು, ಅವಳು ‘ರೀ’ ಎನ್ನುವುದನ್ನು ಬಿಟ್ಟು ಬೇರೇನೂ ಕರೆಯುತ್ತಿರಲಿಲ್ಲ. ಹಾಗಾಗಿ ಆ ಹೆಸರು ಬಳಕೆಯಿಲ್ಲದೆ ತುಕ್ಕು ಹಿಡಿದಿತ್ತು.

ಮೈ ಬಾಗಿಲಿನಷ್ಟು ಅಗಲ, ಅಂಗೈ ಮೊರದಷ್ಟು. ಫ್ರಿಜ್ಜು, ಮಂಚ, ಬಟ್ಟೆ ಒಗೆಯುವ ಯಂತ್ರ, ಯಾವುದನ್ನೇ ಆಗಲಿ ಒಮ್ಮೆ ಸುತ್ತು ಬಂದು ನೋಡಿ, ಭಾರ ಎಲ್ಲಿದೆ, ಹಿಡಿ ಎಲ್ಲಿ ಸಿಗುತ್ತದೆ ಎಂದು ಹೇಳಿಬಿಡುತ್ತಿದ್ದ. ‘ಎತ್ತೋಕೆ ಆಗಲ್ಲ’ ಅನ್ನುವ ಮಾತು ಅವನ ಬಾಯಲ್ಲಿ ಬಂದದ್ದೇ ಇಲ್ಲ. ಅಂಥವನ ಕೈಗೆ ಒಂದು ದಿನ ಹಿಡಿಯೇ ಇಲ್ಲದ ಸಾಮಾನೊಂದು ಬಂತು.

ಒಬ್ಬ ಹೆಂಗಸಿನ ಮನೆ ಖಾಲಿ ಮಾಡಿ, ಲಾರಿಗೆ ಹಗ್ಗ ಬಿಗಿಯುತ್ತಿದ್ದಾಗ ಆಕೆ ಒಳಗಿನಿಂದ ಚಪ್ಪಲಿ ಡಬ್ಬಿಯೊಂದನ್ನು ತಂದು ಅವನ ಮುಂದೆ ಹಿಡಿದಳು. ಡಬ್ಬಿಯಲ್ಲಿ ಹಳೆಯ ಟವೆಲು, ಟವೆಲಿನ ಮೇಲೆ ಕಂದು ಉಣ್ಣೆಯ ಉಂಡೆ. ಉಂಡೆಗೆ ಕಣ್ಣಿತ್ತು.

“ಹೊಸ ಕಟ್ಟಡದಲ್ಲಿ ನಾಯಿ ಸಾಕೋ ಹಾಗಿಲ್ವಂತೆ. ನಿನ್ನೆ ಗೊತ್ತಾಯ್ತು,” ಎಂದಳು. “ತಂದು ಒಂದು ವಾರ ಆಗಿಲ್ಲ. ಒಳ್ಳೇ ಜಾತಿ. ದೊಡ್ಡದಾದ್ರೂ ಕೈಚೀಲದಲ್ಲಿ ಹಿಡಿಯೋಷ್ಟೇ ಇರುತ್ತೆ. ನೀವೇ ಇಟ್ಕೊಳ್ಳಿ.”

ಬೀರಣ್ಣ ‘ಬೇಡ ಮೇಡಂ’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮರಿ ಅವನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತ್ತು. ಒಂದೆರಡು ಸಲ ಚೀಪಿ, ಹಾಲು ಬಾರದ್ದಕ್ಕೆ ಬೇಸರಪಟ್ಟಂತೆ ಸಣ್ಣಗೆ ಕುಂಯ್ ಎಂದಿತು. ಅವನು ಬಾಯಿ ಮುಚ್ಚಿಕೊಂಡ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತಿದ್ದಳು. ಮಂಡಿನೋವಿನಿಂದ ಮಗಳ ಮನೆಗೆ ಬಂದು ನಿಂತವಳು. ಮಂಡಿ ಸೋತಿದ್ದರೂ ನಾಲಿಗೆ ಗಟ್ಟಿಯಾಗಿತ್ತು. ಡಬ್ಬಿಯೊಳಗೆ ಬಗ್ಗಿ ನೋಡಿದಳು.

“ಏನಿದು ಅಳಿಯಂದಿರೇ, ಬೆಟ್ಟ ಅಗೆಯೋಕೆ ಹೋಗಿ ಇಲಿ ಹಿಡ್ಕೊಂಡು ಬಂದ್ರಾ?”

“ಇಲಿಯಲ್ಲ ಅತ್ತೆ, ನಾಯಿ.”

“ಬೊಗಳಿ ತೋರಿಸ್ಲಿ, ಆಮೇಲೆ ನಂಬ್ತೀನಿ.”

ಹೆಂಡತಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಲಾಂಡ್ರಿಯಿಂದ ಬೆವರಿ ಬಂದವಳು, ಮರಿಯನ್ನು ಎತ್ತಿ ಬಾಯಿ ಬಿಡಿಸಿ ನೋಡಿದಳು. “ರೀ, ಇದಕ್ಕೆ ಹಲ್ಲೇ ಸರಿಯಾಗಿ ಬಂದಿಲ್ಲ. ಇದರ ಅಮ್ಮ ಎಲ್ಲಿ?” ಆ ಪ್ರಶ್ನೆಯನ್ನು ಬೀರಣ್ಣ ಡಬ್ಬಿ ಕೊಟ್ಟ ಹೆಂಗಸಿಗೆ ಕೇಳಿಯೇ ಇರಲಿಲ್ಲ.

ಅತ್ತೆ ಅದಕ್ಕೆ ಗುಲಗಂಜಿ ಎಂದು ಹೆಸರಿಟ್ಟಳು. ಚಿನ್ನ ತೂಗುವ ಕಾಳಿನಷ್ಟಿದೆ, ತೂಕಕ್ಕೂ ಬೆಲೆಗೂ ಸಂಬಂಧವಿಲ್ಲ ಎಂದು ಅವಳ ವಿವರಣೆ. ಕರೆಯುವಾಗ ಅದು ಗುಂಜಿಯಾಯಿತು.

ಮೂವರಿಗೂ ನಾಯಿ ಸಾಕಿ ಗೊತ್ತಿಲ್ಲ. ಗೊತ್ತಿಲ್ಲದವರು ಪ್ರೀತಿಯಿಂದ ಏನೇನು ಮಾಡುತ್ತಾರೋ ಅದನ್ನೆಲ್ಲ ಮಾಡಿದರು. ತಟ್ಟೆ ತುಂಬ ಹಸುವಿನ ಹಾಲು ಇಟ್ಟರು. ಗುಂಜಿ ಕುಡಿಯಲು ಹೋಗಿ ತಟ್ಟೆಯೊಳಗೇ ಬಿತ್ತು. ಕುಡಿದಷ್ಟೂ ನೀರಾಗಿ ಹಿಂದಿನಿಂದ ಹೋಯಿತು. ಗಲೀಜಾಯಿತೆಂದು ಹೆಂಡತಿ ಸೋಪು ಹಚ್ಚಿ ಮೀಯಿಸಿದಳು. ಒದ್ದೆಯಾದ ಮೇಲೆ ನೋಡಿದರೆ ಉಣ್ಣೆಯ ಕೆಳಗೆ ನಾಯಿಯೇ ಇರಲಿಲ್ಲ. ಎಲುಬಿನ ಹಂದರ, ತೆಳು ಚರ್ಮ, ಅದರೊಳಗೆ ಪಟಪಟ ಬಡಿಯುವ ಒಂದು ಎದೆ, ಅಷ್ಟೇ. ಮರಿ ನಡುಗತೊಡಗಿತು. ಎಷ್ಟು ಒರೆಸಿದರೂ ನಡುಕ ನಿಲ್ಲಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ನಡುಕ ತಾನಾಗಿಯೇ ನಿಂತಿತು. ‘ಸದ್ಯ, ಮಲಗಿತು’ ಎಂದು ಎತ್ತಿಕೊಳ್ಳಲು ಹೋದ ಬೀರಣ್ಣನ ಅಂಗೈಯಲ್ಲಿ ಅದರ ಕತ್ತು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಒಸಡು ಬಿಳಿಚಿತ್ತು. ಅವನು ಚಪ್ಪಲಿ ಮೆಟ್ಟದೆ ಓಡಿದ.

ಪಶುವೈದ್ಯೆ ಮಾತಿಗಿಂತ ಮೊದಲು ಕೈ ಹಾಕಿದಳು. ಸಕ್ಕರೆ ಪಾಕವನ್ನು ಬೆರಳಿಗೆ ಅದ್ದಿ ಮರಿಯ ಒಸಡಿಗೆ ತಿಕ್ಕಿದಳು, ಸೂಜಿ ಚುಚ್ಚಿದಳು, ಬಿಸಿನೀರಿನ ಚೀಲದ ಮೇಲೆ ಮಲಗಿಸಿದಳು. ಸ್ವಲ್ಪ ಹೊತ್ತಿಗೆ ಗುಂಜಿ ನಾಲಿಗೆ ಹೊರಳಿಸಿತು. ಆಗ ಆಕೆ ಅವನತ್ತ ತಿರುಗಿದಳು.

“ಇದು ಇನ್ನೂ ತಾಯಿ ಹೊಟ್ಟೆಗೆ ಅಂಟ್ಕೊಂಡಿರಬೇಕಾದ ಕೂಸು. ಈ ಜಾತಿ ಮರಿಗಳ ಮೈಯಲ್ಲಿ ಏನೂ ದಾಸ್ತಾನು ಇರಲ್ಲ. ಒಂದು ಹೊತ್ತು ತಿನ್ನದಿದ್ರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತೆ, ಹೀಗೆ ಬಿದ್ದುಬಿಡುತ್ತೆ. ಹಸುವಿನ ಹಾಲು ಬೇಡ, ಸ್ನಾನ ಬೇಡ. ಮರಿಗಳ ಹಾಲಿನ ಪುಡಿ ಕೊಡ್ತೀನಿ. ಸ್ವಲ್ಪ ಸ್ವಲ್ಪ, ಹಗಲೂ ರಾತ್ರಿ, ತಪ್ಪಿಸೋ ಹಾಗಿಲ್ಲ. ಬೆಚ್ಚಗಿರಬೇಕು.”

“ಹಂಗೆ ಮಾಡಿದ್ರೆ ಉಳಿಯುತ್ತಾ ಡಾಕ್ಟ್ರೇ?”

“ಹಾಗೆ ಮಾಡದಿದ್ರೆ ಉಳಿಯಲ್ಲ. ಅಷ್ಟು ಮಾತ್ರ ಹೇಳಬಲ್ಲೆ.”

ಬೀದಿಗೆ ಬಂದು, ಡಬ್ಬಿ ಕೊಟ್ಟ ಹೆಂಗಸಿಗೆ ಫೋನ್ ಮಾಡಿದ. ತಾಯಿ ನಾಯಿ ಎಲ್ಲಿದೆ, ಕರೆದುಕೊಂಡು ಹೋಗಿ ಬಿಡುತ್ತೇನೆ, ಹಾಲು ಬಿಡುವವರೆಗಾದರೂ ಅಲ್ಲಿರಲಿ ಎಂದ. “ನಂಗೇನು ಗೊತ್ತು? ಮಾರೋನು ಕಾರಲ್ಲಿ ತಂದು ರಸ್ತೇಲೇ ಕೈಗಿಟ್ಟು ಹೋದ. ಈಗ ಫೋನ್ ಎತ್ತಲ್ಲ,” ಎಂದಳು ಆಕೆ. ಆಮೇಲೆ, “ಹುಷಾರಾಗಿದೆ ತಾನೆ?” ಎಂದು ಕೇಳಿದಳು. ಬೀರಣ್ಣ ಹೂಂ ಎಂದುಬಿಟ್ಟ. ಇಲ್ಲ ಎಂದು ಹೇಳಿ ಆಗಬೇಕಾದ್ದೇನಿತ್ತು?

ಮನೆ ಮಗುವಿದ್ದ ಮನೆಯಂತಾಯಿತು. ಸೂಜಿಯಿಲ್ಲದ ಸಿರಿಂಜಿನಲ್ಲಿ ಹಾಲು ಎಳೆದು ತೊಟ್ಟು ತೊಟ್ಟಾಗಿ ಬಿಡಬೇಕು. ಜೋರಾಗಿ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬೀರಣ್ಣ ಒಮ್ಮೆ ಪ್ರಯತ್ನಿಸಿದ. ಅವನ ಬೆರಳು ಒತ್ತಿದ್ದು ಕಡಿಮೆಯೇ, ಆದರೂ ಹಾಲು ಮೂಗಿನಿಂದ ಬಂತು. ಗುಂಜಿ ಉಸಿರುಗಟ್ಟಿ ಒದ್ದಾಡಿತು. ಹೆಂಡತಿ ಕಿತ್ತುಕೊಂಡು ತಲೆಕೆಳಗು ಮಾಡಿ ಬೆನ್ನು ತಟ್ಟಿದಳು.

“ನನ್ನ ಕೈಗೆ ಬ್ರೇಕಿಲ್ಲ ಕಣೇ,” ಎಂದು ಅವನು ಮೂಲೆಗೆ ಸರಿದ.

ಅಂದಿನಿಂದ ಉಣಿಸುವ ಕೆಲಸ ಅತ್ತೆಗೂ ಹೆಂಡತಿಗೂ ಹಂಚಿಹೋಯಿತು. ಇಲಿ ಎಂದು ಹಂಗಿಸಿದ್ದ ಅತ್ತೆಯೇ ಈಗ ಅದನ್ನು ಸೀರೆಯ ನೆರಿಗೆಯಲ್ಲಿ ಮಲಗಿಸಿಕೊಂಡು, ಬಚ್ಚಲಿಗೆ ಹೋಗಲೂ ಯಾರಾದರೂ ಬರಲಿ ಎಂದು ಕಾಯುತ್ತಿದ್ದಳು. ಬೀರಣ್ಣನ ಪಾಲಿಗೆ ಬಂದದ್ದು ಬಿಸಿನೀರಿನ ಚೀಲ ತುಂಬಿಸುವುದು, ತಣ್ಣಗಾದರೆ ಮತ್ತೆ ತುಂಬಿಸುವುದು. ಒಲೆಯ ಮುಂದೆ ನಿಂತು ನೀರು ಕಾಯುವುದನ್ನೇ ನೋಡುತ್ತಿದ್ದ. ಊರ ಭಾರವನ್ನೆಲ್ಲ ಎತ್ತಿದವನಿಗೆ ಅಂಗೈ ಮೇಲಿನ ಈ ಹಗುರವೇ ಎತ್ತಲಾರದ ಭಾರವಾಗಿತ್ತು.

ಹೀಗೆ ದಿನಗಳು ಸಾಗಿ, ಗುಂಜಿ ಚೂರು ಮೈಕೈ ತುಂಬಿಕೊಂಡಿತು. ಅತ್ತೆಯ ಸೆರಗು ಕಚ್ಚಿ ಎಳೆಯುವಷ್ಟು ಗರ್ವವೂ ಬಂತು. ಎಲ್ಲರೂ ಸ್ವಲ್ಪ ಉಸಿರು ಬಿಟ್ಟರು. ಆಗಲೇ ಅತ್ತೆಯ ದವಡೆ ಊದಿಕೊಂಡಿತು. ಹಲ್ಲು ಕೀಳಿಸಲೇಬೇಕೆಂದಾಯಿತು. ಹೆಂಡತಿ ರಜೆ ಹಾಕಿ ತಾಯಿಯನ್ನು ಕರೆದುಕೊಂಡು ಹೊರಟಳು. ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದರೂ ಅತ್ತೆ ಹೊಸ್ತಿಲಲ್ಲಿ ನಿಂತು ಅಳಿಯನಿಗೆ ಸನ್ನೆ ಮಾಡಿದಳು: ಉಣಿಸು, ಬೆಚ್ಚಗಿಡು.

ಅಂದು ಅವನೂ ರಜೆ ಹಾಕಿದ್ದ. ಆದರೆ ಜೊತೆಗಾರ ಕಡ್ಡಿ ಬಂದು ಬಾಗಿಲು ಬಡಿದ. ಕಡ್ಡಿ ಎಂದರೆ ಬೆಂಕಿಕಡ್ಡಿಯಂಥವನೇ, ಗಾಳಿ ಬಂದರೆ ಹಾರಿಹೋಗುತ್ತಾನೆ ಎನಿಸಬೇಕು, ಆದರೆ ಬೀರಣ್ಣನ ಹೊರೆಯ ತುದಿ ಹಿಡಿಯಲು ಅವನಷ್ಟು ನಂಬಿಗಸ್ತ ಬೇರೊಬ್ಬನಿರಲಿಲ್ಲ.

“ಅಣ್ಣ, ಒಂದೇ ಒಂದು ಬೀರು. ಹಿಂದಿನ ಬೀದೀಲೇ. ಬಾಕಿ ಎಲ್ಲಾ ಏರಿಸಾಯ್ತು. ಇದೊಂದನ್ನ ನೀನಿಲ್ದೆ ಯಾರೂ ಮುಟ್ಟಲ್ಲ ಅಂತಾರೆ.”

ಬೀರಣ್ಣ ಗುಂಜಿಗೆ ಹಾಲು ಕೊಡಲು ನೋಡಿದ. ಅದು ಎರಡು ಸಲ ನೆಕ್ಕಿ ಮುಖ ತಿರುಗಿಸಿತು. ಒತ್ತಾಯ ಮಾಡಲು ಅವನ ಕೈಗೆ ಧೈರ್ಯವಿರಲಿಲ್ಲ. ಬಂದ ಮೇಲೆ ಕೊಟ್ಟರಾಯಿತು, ಎಷ್ಟು ಹೊತ್ತಿನ ಕೆಲಸ ಎಂದುಕೊಂಡ. ಒಂಟಿಯಾಗಿ ಬಿಡಲು ಮನಸ್ಸು ಬಾರದೆ, ಉಣ್ಣೆಯ ಟೋಪಿಯೊಳಗೆ ಅದನ್ನು ಸುತ್ತಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡ. ತನ್ನ ಮೈಗಿಂತ ಬೆಚ್ಚನೆಯ ಜಾಗ ಇನ್ನೆಲ್ಲಿದೆ? ವೈದ್ಯೆ ಕೊಟ್ಟಿದ್ದ ಸಕ್ಕರೆ ಪಾಕದ ಸೀಸೆಯನ್ನೂ ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಆ ಕಟ್ಟಡದ ಮೆಟ್ಟಿಲು ಇಕ್ಕಟ್ಟು. ಬೀರು ಗೋಡೆಗೂ ಕಟಾಂಜನಕ್ಕೂ ಬೆರಳಷ್ಟೇ ಜಾಗ ಬಿಟ್ಟು ಹೋಗುತ್ತಿತ್ತು. ಬೀರಣ್ಣ ಪಟ್ಟಿಯನ್ನು ಹೆಗಲಿಗೆ ಬಿಗಿದು ಬೆನ್ನಿಗೇರಿಸಿಕೊಂಡ, ಕೆಳತುದಿಗೆ ಕಡ್ಡಿ ಹೆಗಲು ಕೊಟ್ಟ. ಒಂದು ಮಹಡಿ ಸುಸೂತ್ರವಾಗಿ ಏರಿದರು. ಎರಡನೆಯದರ ತಿರುವಿನಲ್ಲಿ ಬೀರಣ್ಣನ ಎದೆಯ ಬಳಿ ಏನೋ ಮಿಡುಕಿತು.

ಎಚ್ಚರವಾಯಿತೇನೋ ಎಂದುಕೊಂಡ. ಇನ್ನೊಂದು ಮೆಟ್ಟಿಲು. ಮಿಡುಕಾಟ ನಡುಕವಾಯಿತು. ಸಣ್ಣ ಸಣ್ಣ ಕಾಲುಗಳು ಅಂಗಿಯೊಳಗಿನಿಂದ ಅವನ ಎದೆಗೂಡನ್ನು ಒಂದೇ ಸಮನೆ ಒದೆಯತೊಡಗಿದವು. ಅದು ಏನೆಂದು ಅವನಿಗೆ ಗೊತ್ತಾಯಿತು.

“ಕಡ್ಡೀ, ಇಳಿಸಬೇಕು ಕಣೋ. ಮರಿ ಹೋಗ್ತಾ ಇದೆ.”

“ಇಲ್ಲೆಲ್ಲಿ ಇಳಿಸ್ತೀಯಣ್ಣ? ನಾನು ಕೆಳಗಿದೀನಿ!” ಕಡ್ಡಿಯ ದನಿ ಸೀಳಿಹೋಗಿತ್ತು.

ನಿಜ, ಇಳಿಸಲು ಜಾಗವೇ ಇರಲಿಲ್ಲ. ಪಟ್ಟಿ ಬಿಟ್ಟರೆ ಅಷ್ಟೂ ಉಕ್ಕು ಜಾರಿ ಕಡ್ಡಿಯ ಮೇಲೆ ಬೀಳುತ್ತದೆ. ಒಂದು ಕೈ ಬಿಡಿಸಿದರೂ ಬೀರು ವಾಲುತ್ತದೆ. ಓಡಲು ಆಗದು, ಈ ಹೊರೆ ಹೊತ್ತವನು ಒಂದು ಕಾಲು ಊರಿ, ನಂಬಿಕೆ ಬಂದ ಮೇಲಷ್ಟೇ ಇನ್ನೊಂದನ್ನು ಎತ್ತಬೇಕು. ತನ್ನ ಗಲ್ಲದ ಕೆಳಗೇ, ಒಂದು ಗೇಣು ದೂರದಲ್ಲಿ, ಜೀವವೊಂದು ಒದ್ದಾಡುತ್ತಿದೆ. ಎರಡು ಕೈಗಳಿದ್ದೂ ಅವನಿಗೆ ಕೈಯಿಲ್ಲ.

“ತಡ್ಕೋ ಪುಟ್ಟಾ, ತಡ್ಕೋ, ಬಂದೆ,” ಎನ್ನುತ್ತ ಏರಿದ. ಎಲ್ಲಿಗೆ ಬಂದೆ ಎಂದು ಯಾರಿಗೆ ಹೇಳುತ್ತಿದ್ದನೋ! ಬೆವರು ಕಣ್ಣಿಗಿಳಿದು ಮೆಟ್ಟಿಲು ಮಸುಕಾಯಿತು. ನಡುಮಧ್ಯದಲ್ಲೆಲ್ಲೋ ಎದೆಯ ಮೇಲಿನ ಒದೆತ ನಿಂತಿತು. ಆ ನಿಂತದ್ದು ಅವನಿಗೆ ಬೀರುವಿಗಿಂತ ಭಾರವಾಯಿತು.

ಮಹಡಿಯ ಸಮತಟ್ಟು ಸಿಕ್ಕಿದ್ದೇ ಬೀರುವನ್ನು ಗೋಡೆಗೆ ಒರಗಿಸಿ ಕಿಸೆಗೆ ಕೈ ಹಾಕಿದ. ಟೋಪಿಯೊಳಗೆ ಗುಂಜಿ ಕಟ್ಟಿಗೆಯಂತೆ ಸೆಟೆದು, ಬಾಯಿ ಅರೆತೆರೆದು ಮಲಗಿತ್ತು. ಪಾಕದ ಸೀಸೆಯ ಮುಚ್ಚಳ ಅವನ ಬೆರಳಿಗೆ ಸಿಗಲೊಲ್ಲದು. ಹೆಬ್ಬೆರಳು, ತೋರುಬೆರಳು, ಯಾವುದೂ ಹಿಡಿಯದು, ಬೆವರಿಗೆ ಜಾರುತ್ತಿತ್ತು. ಕಡ್ಡಿ ಏದುಸಿರು ಬಿಡುತ್ತ ಬಂದವನು ಕಿತ್ತುಕೊಂಡು ಹಲ್ಲಿನಿಂದ ತೆಗೆದ. ಬೀರಣ್ಣ ಪಾಕ ಅದ್ದಿದ ಬೆರಳನ್ನು ಒಸಡಿಗೆ ತಿಕ್ಕಿದ. ಆ ಬಾಯಿಗೆ ಅವನ ಕಿರುಬೆರಳ ತುದಿಯಷ್ಟೇ ಹಿಡಿಯಿತು.

“ಇದೆಯಾ ಅಣ್ಣ?”

“ಗೊತ್ತಿಲ್ಲ ಕಣೋ. ಗೊತ್ತಾಗ್ತಾ ಇಲ್ಲ.”

ಬೀರುವನ್ನು ಅಲ್ಲೇ ಬಿಟ್ಟು ಇಬ್ಬರೂ ಪಶುವೈದ್ಯೆಯ ಬಳಿಗೆ ಓಡಿದರು. ಆಕೆ ಒಳಗೆ ಕೊಂಡೊಯ್ದು ಬಾಗಿಲು ಹಾಕಿಕೊಂಡಳು. ಬೀರಣ್ಣ ಬೆಂಚಿನ ಮೇಲೆ ಕೂತು, ಹೆಗಲಿಗೆ ಇನ್ನೂ ಪಟ್ಟಿ ನೇತುಹಾಕಿಕೊಂಡೇ, ಬಾಗಿಲನ್ನು ನೋಡಿದ. ಹೆಂಡತಿಯೂ ಅತ್ತೆಯೂ ಸುದ್ದಿ ತಿಳಿದು ನೇರ ಅಲ್ಲಿಗೇ ಬಂದರು. ಅತ್ತೆಯ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಲ್ಲಿ ಹತ್ತಿ. ಬೈಯಲು ಆಗುವಂತಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಆಕೆ ಪಕ್ಕದಲ್ಲಿ ಕೂತು ಅಳಿಯನ ಮೊಣಕೈ ಹಿಡಿದುಕೊಂಡಳು.

ಗುಂಜಿ ಉಳಿಯಿತು. ಉಸಿರಾಟ ಸರಿಹೋಯಿತು, ಮರುದಿನ ಹಾಲೂ ಕುಡಿಯಿತು. ಮೂರನೆಯ ದಿನ ಮನೆಗೆ ತಂದು ನೆಲಕ್ಕೆ ಬಿಟ್ಟರೆ, ನೆಟ್ಟಗೆ ನಡೆದು ಮಂಚದ ಕಾಲಿಗೆ ಹಣೆ ಬಡಿದುಕೊಂಡಿತು. ಹಿಂದೆ ಸರಿದು ಮತ್ತೆ ನಡೆಯಿತು, ಮತ್ತೆ ಅಲ್ಲೇ ಬಡಿಯಿತು. ಹೆಂಡತಿ ಅದರ ಮುಖದ ಮುಂದೆ ಕೈ ಆಡಿಸಿದಳು. ಕಣ್ಣು ಫಳಫಳ ಹೊಳೆಯುತ್ತಿತ್ತು, ರೆಪ್ಪೆ ಅಲುಗಲಿಲ್ಲ.

“ಸಕ್ಕರೆ ಇಲ್ಲದೆ ಮೆದುಳು ಬಹಳ ಹೊತ್ತು ಇತ್ತು,” ಎಂದಳು ವೈದ್ಯೆ, ಮತ್ತೆ ತೋರಿಸಲು ಹೋದಾಗ. “ಕೆಲವು ಮರಿಗಳಿಗೆ ದೃಷ್ಟಿ ವಾಪಸು ಬರುತ್ತೆ. ಕಾಯೋಣ.”

ಕಾದರು. ಬರಲಿಲ್ಲ.

ಈಗ ಗುಂಜಿ ದೊಡ್ಡದಾಗಿದೆ, ಅಂದರೆ ಅದು ಎಷ್ಟು ದೊಡ್ಡದಾಗಬಹುದೋ ಅಷ್ಟು. ಮೂಗಿನಿಂದಲೂ ಅಭ್ಯಾಸದಿಂದಲೂ ಮನೆಯೆಲ್ಲ ಓಡಾಡುತ್ತದೆ. ಬಾಗಿಲಿಗೆ ಯಾರು ಬಂದರೂ ಗಂಟಲು ಹರಿಯುವಂತೆ ಬೊಗಳುತ್ತದೆ. ನಾಯಿಯೇ ಎಂದು ಅತ್ತೆ ಒಪ್ಪಿಕೊಂಡಿದ್ದಾಳೆ. ಕಿಟಕಿಯ ಬಳಿ ಗಾಳಿ ಬರುತ್ತದೆ, ಮಂಚ ಅಲ್ಲಿಗೆ ಸರಿಸೋಣ ಎಂದು ಹೆಂಡತಿ ಕೇಳಿ ಕೇಳಿ ಸಾಕಾಯಿತು. ಬೀರಣ್ಣ ಬಿಡಲೊಲ್ಲ. “ಊರಿನ ಸಾಮಾನನ್ನೆಲ್ಲ ಅತ್ತಿಂದಿತ್ತ ಮಾಡ್ತಾರೆ, ತಮ್ಮ ಮನೆ ಸ್ಟೂಲು ಅಲುಗಿಸಿದ್ರೆ ಮೈಮೇಲೆ ಬರ್ತಾರೆ,” ಎಂದು ಅತ್ತೆ ನೆರೆಯವರಿಗೆ ಹೇಳಿ ನಗುತ್ತಾಳೆ.

ಕಡ್ಡಿ ಮಾತ್ರ ಒಮ್ಮೆ, ಲಾರಿಯ ಹಿಂದೆ ಇಬ್ಬರೇ ಕೂತಿದ್ದಾಗ, ಕೆಳಗೆ ನೋಡುತ್ತ, “ಅವತ್ತು ನೀನು ಬಿಟ್ಟಿದ್ರೆ ನಾನು ಅಪ್ಪಚ್ಚಿ ಆಗ್ತಿದ್ದೆ ಅಣ್ಣ,” ಎಂದ. ಬೀರಣ್ಣ ಅವನ ಬೆನ್ನ ಮೇಲೆ ಕೈಯಿಟ್ಟ. ಮೆಟ್ಟಿಲ ಮೇಲೆ ಬೀರು ಬಿಡದಿದ್ದುದರ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ. ಅನುಮಾನವಿದ್ದುದು ಹೊರಡುವ ಮುಂಚೆ ಕುಡಿಸದೆ ಬಿಟ್ಟ ಹಾಲಿನ ಬಗ್ಗೆ. ಅದನ್ನು ಕಡ್ಡಿಗೆ ಹೇಗೆ ಹೇಳುವುದು? ಲಸಿಕೆಗೆ ಹೋದಾಗಲೆಲ್ಲ ವೈದ್ಯೆಯನ್ನು ಕೇಳುತ್ತಾನೆ: “ಅವತ್ತು ಹೆಂಗಾದ್ರೂ ಮಾಡಿ ಕುಡಿಸಿದ್ರೆ ಹಿಂಗಾಗ್ತಿರಲಿಲ್ಲ, ಅಲ್ವಾ?” ಆಕೆಯೂ ಪ್ರತಿ ಸಲ ಅದನ್ನೇ ಹೇಳುತ್ತಾಳೆ, “ಆಗ್ತಿರಲಿಲ್ವೇನೋ. ಆಗ್ತಿತ್ತೇನೋ. ಯಾರಿಗೆ ಗೊತ್ತು.”

ಸಂಜೆ ಕೆಲಸ ಮುಗಿಸಿ ಬಂದು ಅವನು ನೆಲದ ಮೇಲೆ ಗೋಡೆಗೊರಗಿ ಕೂರುತ್ತಾನೆ. ವಾಸನೆ ಹಿಡಿದು ಗುಂಜಿ ಬರುತ್ತದೆ. ಒಮ್ಮೊಮ್ಮೆ ಖುಷಿಯ ಭರದಲ್ಲಿ ದಾರಿ ತಪ್ಪಿ ಬಾಗಿಲ ಚೌಕಟ್ಟಿಗೆ ಬಡಿದುಕೊಂಡು, ಎಲ್ಲಿ ಬಂದೆನೆಂದು ತಿಳಿಯದೆ ನಿಂತುಬಿಡುತ್ತದೆ. ಎತ್ತಿಕೊಂಡು ಬರಬೇಡಿ, ತಾನಾಗಿಯೇ ದಾರಿ ಹಿಡಿಯಲಿ, ಇಲ್ಲದಿದ್ದರೆ ಎಂದೂ ಕಲಿಯುವುದಿಲ್ಲ ಎಂದು ವೈದ್ಯೆ ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಆಗ ಬೀರಣ್ಣ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು, “ಬಾ ಪುಟ್ಟಾ, ಇಲ್ಲೇ ಇದೀನಿ, ಇಲ್ಲೇ,” ಎನ್ನುತ್ತ ಕಾಯುತ್ತಾನೆ.