ಎರಡು ಸಲ ಒರೆಸುವ ಮೇಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕಡ್ಡಿಯಕ್ಕ ಮೇಜು ಒರೆಸುತ್ತಿದ್ದಾಳೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾಳೆ. ಕಸ ಗುಡಿಸುವ ಅಜ್ಜಿ ಬಾಗಿಲಲ್ಲಿ ನಿಂತು, "ಸಾಕು ಬಿಡೇ ತಾಯಿ, ಮೇಜೇ ಸವೆದುಹೋಗುತ್ತೆ" ಎನ್ನುತ್ತಾಳೆ. ಕಡ್ಡಿಯಕ್ಕ ನಗುವುದಿಲ್ಲ.

ನಾಯಿಕೆಮ್ಮಿನ ಅನುಮಾನವಿರುವ ಮಕ್ಕಳ ಮೂಗಿನೊಳಗೆ ತೆಳ್ಳನೆಯ ಕಡ್ಡಿ ತೂರಿಸಿ, ಗಂಟಲ ಹಿಂದಿನ ಲೋಳೆ ತೆಗೆದು ಲ್ಯಾಬಿಗೆ ಕಳಿಸುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ದಿನಕ್ಕೆ ಏಳೆಂಟು ಮಕ್ಕಳು, ಅಷ್ಟೇ ಒದೆತಗಳು. "ಮಕ್ಕಳು ನನ್ನ ಕಂಡ್ರೆ ಮುಖ ಮುಚ್ಕೊಳ್ತವೆ. ಅದು ಅಭ್ಯಾಸ ಆಗಿದೆ. ದೊಡ್ಡೋರು ಮುಖ ತಿರುಗಿಸೋದು ಅಭ್ಯಾಸ ಆಗಿಲ್ಲ."

ಹಾಗೆ ಮುಖ ತಿರುಗಿಸಿದವಳು ಹಿಂದಿನ ಬೀದಿಯ ಟೈಲರ್. ಹೋದ ತಿಂಗಳು ಅವಳ ಹಸುಗೂಸಿಗೆ ನಾಯಿಕೆಮ್ಮು ಇದೆಯೆಂದು ಲ್ಯಾಬಿನಿಂದ ಫಲಿತಾಂಶ ಬಂತು. ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತು. ಕೊಟ್ಟ ಬಟ್ಟೆಯನ್ನು ಜನ ಹೊಲಿಯುವ ಮೊದಲೇ ವಾಪಸು ಒಯ್ದರು. ವಾರಗಿತ್ತಿ ತನ್ನ ಮಕ್ಕಳನ್ನು ಎಳೆದುಕೊಂಡು ತವರಿಗೆ ಹೋದಳು.

ಕೂಸಿಗಿದ್ದದ್ದು ಬರೀ ನೆಗಡಿ. ಅಂದು ಕಡ್ಡಿಯಕ್ಕ ಇದೇ ಮೇಜಿನ ಮೇಲೆ ನಾಯಿಕೆಮ್ಮಿನ ಲಸಿಕೆಯನ್ನು ಸಿರಿಂಜಿಗೆ ತುಂಬಿ ಬೇರೆ ಮಕ್ಕಳಿಗೆ ಚುಚ್ಚಿದ್ದಳು. ಕೈಗವಸು ಬದಲಿಸದೆ ಕಡ್ಡಿ ಹಿಡಿದಿದ್ದಳು. ಲಸಿಕೆಯಲ್ಲಿರುವ ಸತ್ತ ರೋಗಾಣುವಿನ ಚೂರುಗಳಿಂದ ಮಗುವಿಗೆ ಕೆಡುಕಿಲ್ಲ. ಆದರೆ ಅವು ಕಡ್ಡಿಗೆ ತಾಗಿದರೆ ಲ್ಯಾಬಿನ ಯಂತ್ರ ಮೋಸಹೋಗುತ್ತದೆ. ಆ ದಿನದ ಎಲ್ಲ ಮಕ್ಕಳಿಗೂ 'ಇದೆ' ಎಂದೇ ಬಂದಾಗ ಲ್ಯಾಬಿನವರಿಗೆ ಅನುಮಾನ ಹುಟ್ಟಿತು; ಬಂದು ವಿಚಾರಿಸಿದಾಗ ತಪ್ಪು ಬಯಲಾಯಿತು. "ಅವರು ಬೈಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು."

ತಪ್ಪು ಹೇಳಿಕೊಳ್ಳಲು ಹೋದಾಗ ಟೈಲರ್ ಹೊಲಿಗೆ ಮಿಷನ್ ತುಳಿಯುತ್ತಲೇ ಇದ್ದಳು. "ನನಗೆ ಹೇಳಿ ಏನು ಬಂತು? ಬೀದಿಗೆ ಹೇಳಿ," ಎಂದಳು. ಕಡ್ಡಿಯಕ್ಕ ಮನೆಮನೆಯ ಬಾಗಿಲು ತಟ್ಟಿದಳು. "ತಪ್ಪು ನಂದು, ಆ ಮಗುದಲ್ಲ" ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು.

ಈಗ ಅದೇ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದೆಯಂತೆ. ತಾಯಿ ಮಾತ್ರ ಆಸ್ಪತ್ರೆಯ ಕಡೆ ತಲೆ ಹಾಕಿಲ್ಲ. ಅದೇ ಬೀದಿಯಲ್ಲಿರುವ ಕಸ ಗುಡಿಸುವ ಅಜ್ಜಿಯ ಕೈಲಿ ಕಡ್ಡಿಯಕ್ಕ ಹೇಳಿಕಳಿಸಿದ್ದಾಳೆ: "ನನ್ನ ಮೇಲಿನ ಸಿಟ್ಟಿಗೆ ಮಗುನ ಕಾಯಿಸಬೇಡ ಅನ್ನು."

ಟೈಲರ್ ಬಂದೇ ಬಿಡುತ್ತಾಳೆ. ಕೂಸು ಒಂದೇ ಸಮನೆ ಕೆಮ್ಮಿ, ಕೊನೆಗೆ ಕೀರಲು ದನಿಯಲ್ಲಿ ಉಸಿರೆಳೆದುಕೊಳ್ಳುತ್ತದೆ.

"ಕೈ ತೊಳ್ಕೊಳ್ಳಿ. ನನ್ನೆದುರಿಗೇ."

ಕಡ್ಡಿಯಕ್ಕ ಮೊಣಕೈವರೆಗೆ ತೊಳೆಯುತ್ತಾಳೆ. ಹೊಸ ಕೈಗವಸು ತೊಟ್ಟು, ಶಾಲೆಯ ಹುಡುಗಿಯಂತೆ ಎರಡೂ ಕೈ ಹಿಂದೆ ಮುಂದೆ ತಿರುಗಿಸಿ ತೋರಿಸುತ್ತಾಳೆ. ತಾಯಿ ಕೂಸಿನ ತಲೆ ಹಿಡಿದುಕೊಳ್ಳುತ್ತಾಳೆ.

ಫಲಿತಾಂಶಕ್ಕೆ ಕಾಯದೆ ಡಾಕ್ಟರು ಕೂಸನ್ನು ವಾರ್ಡಿಗೆ ಸೇರಿಸಿ ಔಷಧ ಶುರು ಮಾಡುತ್ತಾರೆ. ಕಡ್ಡಿಯಕ್ಕ ಮತ್ತೆ ಒರೆಸುವ ಬಟ್ಟೆ ಹಿಡಿಯುತ್ತಾಳೆ.

"ಇನ್ನೇನು ಆಸೆ? ಮಗು ಹುಷಾರಾಗಿ ಮನೆ ಸೇರಲಿ. ಮುಂದೆ ಯಾವತ್ತಾದ್ರೂ ನಾನು ಆ ಬಾಗಿಲಿಗೆ ಹೋದಾಗ, ಅವಳು ಒಂದು ಗಳಿಗೆ ಮಿಷನ್ ನಿಲ್ಲಿಸಿದ್ರೆ ಸಾಕು."