ಕೊನೆಯ ಸಿಪಾಯಿಯನ್ನು ಹೊಡೆದ ಭಾನುವಾರ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನನಗಿದ್ದ ದೊಡ್ಡ ಆಸೆ ಒಂದೇ. ಪಕ್ಕದ ಮನೆಯ ಚಾಚಾರನ್ನು ಚದುರಂಗದಲ್ಲಿ ಒಂದು ಸಲ, ಒಂದೇ ಒಂದು ಸಲ ಸೋಲಿಸಬೇಕು. ಮದುವೆಯ ಯೋಚನೆ ಮಾಡಬೇಕಾದ ವಯಸ್ಸಿನ ಹುಡುಗಿಗೆ ಇದೇನು ಹುಚ್ಚು ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಗಂಗಾನಗರದಲ್ಲಿ ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಚಾಚಾ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ದುಡಿದು ನಿವೃತ್ತರಾದವರು. ನಾನು ಪಿಯುಸಿಯಲ್ಲಿದ್ದಾಗ ಆಟ ಕಲಿಸಿದವರೂ ಅವರೇ. ಆಮೇಲೆ ಎಂಟು ವರ್ಷ, ಭಾನುವಾರ ತಿಂಡಿ ಮುಗಿಸಿ ಅವರ ವರಾಂಡದಲ್ಲಿ ಕೂತು ಸೋತು ಬರುವುದು ನನಗೆ ತಲೆಸ್ನಾನದಷ್ಟೇ ಖಾಯಂ ಆಗಿತ್ತು.

ಅವರದು ನಮ್ಮ ಕಡೆಯ ಹಳೆಯ ಆಟ. ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಒಮ್ಮೆಯೂ ಚೆಕ್ ಬೀಳದ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಎದುರಾಳಿಗೆ ಬರೀ ರಾಜ ಉಳಿದರೆ ಆಟ ಬರಾಬರ್, ಅಂದರೆ ಯಾರೂ ಗೆಲ್ಲಲಿಲ್ಲ. ಗೆಲ್ಲುವವನು ಎದುರಿನವನಿಗೆ ಒಂದಾದರೂ ಕಾಯಿ ಉಳಿಸಿಯೇ ಗೆಲ್ಲಬೇಕು. ಚಾಚಾ ನನಗೆ ಒಂದೆರಡು ಸಿಪಾಯಿ ಬಿಟ್ಟು ರಾಜನನ್ನು ಕಟ್ಟಿಹಾಕುತ್ತಿದ್ದರು. ಅದು ನಿಯಮ ಎಂದು ಗೊತ್ತಿದ್ದರೂ ನನಗೆ ಭಿಕ್ಷೆ ಹಾಕಿದಂತೆ ಅನಿಸಿ ಮೈ ಉರಿಯುತ್ತಿತ್ತು.

ಹೆಬ್ಬಾಳದ ಒಂದು ಸಂಶೋಧನಾ ಕೇಂದ್ರದಲ್ಲಿ ಮಳೆ, ಇಳುವರಿಗಳ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಆ ಏಸಿ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು, ದೇವರಮನೆಯ ಹಾಗೆ. ಅಲ್ಲಿದ್ದ ಧಾರವಾಡದ ಸಹೋದ್ಯೋಗಿಯೊಬ್ಬರು ಒಂದು ದಿನ ಚೆಸ್ ಕಲಿಸುವ ಫ್ಲಾಪಿ ತಂದರು.

"ಎಷ್ಟ್ ಸಲ ಬೇಕಾದ್ರೂ ತಪ್ಪು ಮಾಡ್ರಿ. ಇದಕ್ಕೇನ್ ಸಿಟ್ಟು ಬರೂದಿಲ್ಲ," ಎಂದರು.

ಅದಕ್ಕೆ ಬರಲಿಲ್ಲ, ನನಗೆ ಬಂತು. ಮೊದಲ ದಿನವೇ ನನ್ನ ರಾಜನನ್ನು ಕುದುರೆಯಂತೆ ಹಾರಿಸಲು ಹೋದರೆ ಅದು ಕೀ ಎಂದು ಕೂಗಿ ನಿರಾಕರಿಸಿತು. ಮೂರು ಸಲ ಒತ್ತಿದೆ, ಮೂರು ಸಲವೂ ಕೂಗಿತು. "ನಿನಗೇನು ಗೊತ್ತು ಮುಂಡೇದೆ," ಎಂದು ಬೈದೆ. ಆದರೂ ಮರುದಿನ ಊಟದ ಬಿಡುವಿಗೆ ಮತ್ತೆ ಹೋದೆ. ಮೊಸರನ್ನದ ಡಬ್ಬಿ ಹೊರಗೇ ಉಳಿಯಿತು.

ನಾಲ್ಕು ತಿಂಗಳು ಪರದೆಯ ಮೇಲಿನ ಹಸಿರು ಅಕ್ಷರಗಳ ಪಾಠ ಓದಿದೆ. ಅಷ್ಟು ದಿನ ನಾನು ಆಡುತ್ತಿದ್ದದ್ದು ಆಟವಲ್ಲ, ಬರೀ ಹೊಡೆದಾಟ ಎಂದು ತಿಳಿಯಿತು. ಹಲಗೆಯ ನಡುವಿನ ಮನೆಗಳನ್ನು ಮೊದಲು ಹಿಡಿಯಬೇಕು. ಸಿಪಾಯಿ ಹಿಂದಕ್ಕೆ ಬರಲಾರ, ಆದ್ದರಿಂದ ಅವನನ್ನು ಮುಂದೆ ತಳ್ಳುವಾಗ ಎರಡು ಸಲ ಯೋಚಿಸಬೇಕು. ಒಂದು ಕಾಯಿ ಹೆಚ್ಚಿದ್ದರೆ ಸಮಕ್ಕೆ ಸಮ ಕೊಟ್ಟು ತೆಗೆದುಕೊಂಡು ಹಲಗೆ ಖಾಲಿ ಮಾಡಬೇಕು. ಈ ಕೊನೆಯ ಪಾಠ ನನ್ನ ಸ್ವಭಾವಕ್ಕೆ ಚೆನ್ನಾಗಿ ಒಗ್ಗಿತು.

ಆ ಭಾನುವಾರ ಚಾಚಾರ ಒಂದು ಆನೆ ನನಗೆ ಸಿಕ್ಕಿತು. ಪಾಠದಂತೆ ನಡೆದೆ. ಮಂತ್ರಿಗೆ ಮಂತ್ರಿ, ಕುದುರೆಗೆ ಕುದುರೆ. ಕಡೆಗೆ ಅವರಿಗೆ ರಾಜ ಮತ್ತು ಒಬ್ಬ ಸಿಪಾಯಿ ಉಳಿದರು. ಆ ಸಿಪಾಯಿಯನ್ನೂ ಹೊಡೆದು ಎದ್ದು ನಿಂತೆ.

ಚಾಚಾ ನಿಧಾನವಾಗಿ ಕನ್ನಡಕ ತೆಗೆದರು. "ಬರಾಬರ್ ಆಯ್ತಲ್ಲ ಬೇಟಿ."

ಎಂಟು ವರ್ಷದಿಂದ ಗೊತ್ತಿದ್ದ ನಿಯಮ. ಅದು ನನಗೆ ಅಡ್ಡ ಬರುವಷ್ಟು ನಾನು ಯಾವತ್ತೂ ಮುಂದೆ ಹೋಗಿರಲಿಲ್ಲ, ಅಷ್ಟೇ. ಸುಮ್ಮನೆ ಒಪ್ಪಿಕೊಳ್ಳುವುದು ಬಿಟ್ಟು ವಾದಕ್ಕಿಳಿದೆ. "ಪ್ರಪಂಚದಲ್ಲಿ ಎಲ್ಲೂ ಹಿಂಗಿಲ್ಲ ಚಾಚಾ. ಕಂಪ್ಯೂಟರ್‌ನಲ್ಲೇ ಇದೆ, ಇನ್ನು ನಿಮ್ ರಾಜನ್ನ ಕಟ್ಟಿಹಾಕಿದ್ರೆ ಇದು ಗೆಲುವೇ."

"ಕಂಪ್ಯೂಟರ್ ಹೇಳ್ತಾ? ಹಂಗಾದ್ರೆ ನೀನೇ ಗೆದ್ದೆ, ಬಿಡು."

ಮನೆಗೆ ಬಂದು ಗೆದ್ದೆ ಎಂದೇ ಹೇಳಿದೆ. ಇಷ್ಟು ದಿನ ಹಣೆ ಚಚ್ಚಿಕೊಳ್ಳುತ್ತಿದ್ದ ಅಮ್ಮ ಖುಷಿಯಲ್ಲಿ ಕೇಸರಿಬಾತ್ ಮಾಡಿ, ಗೋಡೆಯ ಮೇಲಿಂದ ಅವರ ಮನೆಗೂ ಒಂದು ಬಟ್ಟಲು ಕೊಟ್ಟಳು. ಚಾಚಾ ಅದನ್ನು ವರಾಂಡದಲ್ಲೇ ಕೂತು ತಿಂದರು. ನನ್ನ ಪಾಲಿನದನ್ನು ನಾನು ತಟ್ಟೆಯಲ್ಲೇ ಬಿಟ್ಟೆ.

ಮುಂದಿನ ವಾರ ಅವರು, "ನಿನ್ ಕಂಪ್ಯೂಟರ್ ಆಟ ನಂಗೂ ಕಲಿಸು," ಎಂದರು. ಕಲಿಸಿದೆ. ಆ ವಯಸ್ಸಿನಲ್ಲಿ ಕೈ ಹಳೆಯ ದಾರಿ ಬಿಡುತ್ತದೆಯೇ? ಸಿಪಾಯಿಯನ್ನು ಎರಡು ಮನೆ ನಡೆಸಬಹುದೆಂಬುದನ್ನು ಮರೆಯುತ್ತಿದ್ದರು. ರಾಜನನ್ನು ಹಾರಿಸಿ, ನಾಲಿಗೆ ಕಚ್ಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ತರುತ್ತಿದ್ದರು. ಪ್ರತಿ ವಾರ ನಾನೇ ಗೆಲ್ಲುತ್ತಿದ್ದೆ. ಮೊದಲೆರಡು ವಾರ ಹೆಮ್ಮೆಯೆನಿಸಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಆಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಗತೊಡಗಿತು. ಆದರೂ ಬಾಯಿ ಬಿಡಲು ಮೂರು ತಿಂಗಳು ಬೇಕಾಯಿತು.

"ಚಾಚಾ, ಆವತ್ತು ನಾನ್ ಗೆದ್ದಿರ್ಲಿಲ್ಲ. ಬರಾಬರ್ ಆಗಿತ್ತು."

ಬೆನ್ನು ತಟ್ಟುತ್ತಾರೆಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಒಂಟೆ ಕಾಯಿಯನ್ನು ಹಲಗೆಯ ಮೇಲೆ ಕುಕ್ಕಿದರು. "ಅದನ್ನ ಆವತ್ತೇ ಹೇಳಕ್ಕೆ ಏನ್ ರೋಗ ಬಂದಿತ್ತು ನಿಂಗೆ? ಈ ದರಿದ್ರದ್ ಆಟ ಆಡಿ ಆಡಿ ನನ್ ತಲೆ ಕೆಟ್ಟು ಹೋಗಿದೆ!"

"ಇಷ್ಟ ಇಲ್ದಿದ್ರೆ ಯಾಕ್ ಆಡಿದ್ರಿ?"

"ಇನ್ನೇನ್ ಮಾಡ್ಲಿ? ನನ್ ಆಟ ಬೇಡ ಅಂತ ನೀನು ಬರೋದೇ ನಿಲ್ಲಿಸ್ಬಿಟ್ರೆ?"

ಎಂಟು ವರ್ಷ ಎದುರಿಗೇ ಕೂತಿದ್ದೆ. ಅವರಿಗೆ ಏನು ಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ತಲೆ ಬಗ್ಗಿಸಿ ಕಾಯಿ ಜೋಡಿಸತೊಡಗಿದೆ. ಕಣ್ಣು ಮಂಜಾಗಿ ರಾಜ, ಮಂತ್ರಿಗಳನ್ನು ಅದಲುಬದಲು ಇಟ್ಟೆ. ಚಾಚಾ ಅವನ್ನು ಸರಿ ಮಾಡಿ, ತಮ್ಮ ಸಿಪಾಯಿಯನ್ನು ಒಂದೇ ಒಂದು ಮನೆ ಮುಂದಕ್ಕೆ ಸರಿಸಿದರು.